ಮಾಲುಗಣ್ಣು ಮತ್ತು ಇಳಿದ ರೆಪ್ಪೆ: ಕೋಲಾರ ಸೀಮೆಯ ಜನಪದ ತಿಳಿವಳಿಕೆಯ ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆಗಳ ಪಟ್ಟಿ, ನಾಟಿ ವೈದ್ಯರ ಪರಂಪರೆ, ಮಂತ್ರ ಯಂತ್ರಗಳ ಸಂಗ್ರಹ ಇವುಗಳ ಸುತ್ತಲೇ ನಡೆದಿವೆ. ಆಧುನಿಕ ಶಸ್ತ್ರಚಿಕಿತ್ಸೆಯೊಂದು ಹಳ್ಳಿಯ ಮನೆಯೊಳಕ್ಕೆ ಬಂದಾಗ ಅದರ ಫಲವನ್ನು ಜನಪದರು ಯಾವ ಮಾತಿನಲ್ಲಿ, ಯಾವ ನಂಬಿಕೆಯ ಚೌಕಟ್ಟಿನಲ್ಲಿ ಅರ್ಥಮಾಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ದೊರೆತಿರುವ ಗಮನ ಕಡಿಮೆ. ಪ್ರಸ್ತುತ ಲೇಖನ ಅಂಥ ಒಂದು ಸಣ್ಣ ಸಂಗತಿಯನ್ನು ಎತ್ತಿಕೊಂಡಿದೆ. ಮಾಲುಗಣ್ಣನ್ನು ನೇರಗೊಳಿಸಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕೆಲವರಿಗೆ ಆ ಕಣ್ಣಿನ ಮೇಲ್ರೆಪ್ಪೆ ಇಳಿದಂತೆ ಕಾಣುವುದುಂಟು. ವೈದ್ಯರ ದೃಷ್ಟಿಯಲ್ಲಿ ಇದಕ್ಕೆ ಕಾರಣಗಳಿವೆ, ಹೆಚ್ಚಿನವು ತಾತ್ಕಾಲಿಕ. ಮನೆಯವರ ದೃಷ್ಟಿಯಲ್ಲಿ ಇದು ದೇವರ ಮುನಿಸು, ದಿಷ್ಟಿ ಅಥವಾ ಕಳೆದುಹೋದ ಅದೃಷ್ಟ. ಈ ಎರಡು ವಿವರಣೆಗಳ ನಡುವಿನ ಮೌನದಲ್ಲಿ ಮಗುವಿನ ದೃಷ್ಟಿಯೇ ನಷ್ಟವಾಗುವ ಅಪಾಯವಿದೆ ಎಂಬುದನ್ನೂ, ಆ ಮೌನವನ್ನು ತುಂಬಲು ಬೇಕಾದ ಮಾತು ಜನಪದರ ಬಳಿಯೇ ಇದೆ ಎಂಬುದನ್ನೂ ಇಲ್ಲಿ ತೋರಿಸಲು ಪ್ರಯತ್ನಿಸಲಾಗಿದೆ.

ಸೀಮೆ ಮತ್ತು ಮಾತು

ಅಧ್ಯಯನದ ವ್ಯಾಪ್ತಿ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಪ್ರತ್ಯೇಕಗೊಂಡ ಮೇಲೂ ಕೋಲಾರ ಜಿಲ್ಲೆಯಲ್ಲೇ ಉಳಿದ ಈ ತಾಲ್ಲೂಕುಗಳು ಭಾಷೆಯ ದೃಷ್ಟಿಯಿಂದ ಗಡಿಸೀಮೆಗಳು. ಶ್ರೀನಿವಾಸಪುರ, ಮುಳಬಾಗಿಲುಗಳ ಮಾತು ಆಂಧ್ರಪ್ರದೇಶದ ಮದನಪಲ್ಲಿ, ಪುಂಗನೂರುಗಳ ಕಡೆಗೆ ಬಾಗಿದರೆ, ಮಾಲೂರಿನ ವ್ಯವಹಾರ ತಮಿಳುನಾಡಿನ ಹೊಸೂರಿನ ಕಡೆಗೂ ಇದೆ. ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಉರ್ದು ಅಥವಾ ತಮಿಳು ಎಂಬ ಸ್ಥಿತಿ ಇಲ್ಲಿ ಸಹಜ.

ಈ ಕಾರಣದಿಂದ ಓರೆಯಾದ ಕಣ್ಣಿಗೆ ಇಲ್ಲಿ ಹೆಸರುಗಳು ಹಲವು. ಕನ್ನಡದಲ್ಲಿ ಮಾಲುಗಣ್ಣು, ಮೆಳ್ಳೆಗಣ್ಣು, ವಾರೆಗಣ್ಣು, ತೆಲುಗಿನಲ್ಲಿ ಮೆಲ್ಲಕನ್ನು, ತಮಿಳಿನಲ್ಲಿ ಮಾರುಕಣ್, ಉರ್ದು ಮಾತಿನವರಲ್ಲಿ ಓರೆಗಣ್ಣಿನವನು ಭೇಂಗಾ. ಇಳಿದ ರೆಪ್ಪೆಗಾದರೋ ಇಂಥ ಒಂದು ನಿರ್ದಿಷ್ಟ ಹೆಸರು ರೂಢಿಯಲ್ಲಿ ಕಾಣುವುದಿಲ್ಲ. ‘ರೆಪ್ಪೆ ಬಿದ್ದಿದೆ’, ‘ಕಣ್ಣು ಸಣ್ಣದಾಗಿದೆ’, ‘ನಿದ್ದೆಗಣ್ಣು’ ಎಂಬ ವರ್ಣನೆಗಳಲ್ಲೇ ಮಾತು ಮುಗಿಯುತ್ತದೆ. ಹೆಸರಿರುವ ದೋಷದ ಸುತ್ತ ನಂಬಿಕೆಗಳ ಜಾಲವೇ ಇರುತ್ತದೆ. ಹೆಸರಿಲ್ಲದ ದೋಷವನ್ನು ಜನ ಬೇರೊಂದರ ಪರಿಣಾಮವೆಂದೇ ತಿಳಿಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಕಾಣಿಸಿಕೊಂಡ ಇಳಿರೆಪ್ಪೆಯನ್ನು ‘ಆಪರೇಷನ್ ಮಾಡಿಸಿದ್ದಕ್ಕೆ ಬಂದದ್ದು’ ಎಂದು ನಿರ್ಧರಿಸುವುದರ ಹಿಂದೆ ಈ ಭಾಷಿಕ ಕಾರಣವೂ ಇದೆ.

ಮಾಲುಗಣ್ಣಿನ ಅದೃಷ್ಟ

ಮಾಲುಗಣ್ಣನ್ನು ಕುರಿತ ಜನಪದ ನಿಲುವು ಇಬ್ಬಗೆಯದು. ಜಗಳದಲ್ಲಿ ಅದು ಬೈಗುಳ, ಆಡುಮಾತಿನಲ್ಲಿ ಅಡ್ಡಹೆಸರು. ಆದರೆ ಅದೇ ಕಣ್ಣು ಮನೆಗೆ ಬಂದ ಅದೃಷ್ಟದ ಗುರುತು ಎಂಬ ನಂಬಿಕೆ ದಕ್ಷಿಣ ಭಾರತದ ಅನೇಕ ಕಡೆಗಳಲ್ಲಿರುವಂತೆ ಇಲ್ಲಿಯೂ ಇದೆ. ಸ್ವಲ್ಪವೇ ಓರೆಯಾಗಿರುವ ಕಣ್ಣನ್ನು ಚೆಲುವಿನ ಲಕ್ಷಣವೆಂದು ಹೇಳುವವರೂ ಉಂಟು. ಅವಮಾನದ ಗುರುತನ್ನು ಅದೃಷ್ಟವೆಂದು ಕರೆಯುವುದರ ಹಿಂದೆ ಒಂದು ಕರುಣೆಯಿದೆ. ಗುಣಪಡಿಸುವ ಉಪಾಯವಿಲ್ಲದ ಕಾಲದಲ್ಲಿ, ಮಗುವಿನ ತಾಯಿ ತಲೆಯೆತ್ತಿ ನಡೆಯಲು ಈ ನಂಬಿಕೆ ಆಸರೆಯಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಉಪಾಯ ದೊರೆತ ಮೇಲೆ ಅದೇ ನಂಬಿಕೆ ತೊಡಕಾಗಿ ಪರಿಣಮಿಸಿತು. ಬರ್ಲಿನ್ನಿನ ಶಸ್ತ್ರವೈದ್ಯ ಯೋಹಾನ್ ಫ್ರೀಡ್ರಿಕ್ ಡೀಫೆನ್‌ಬಾಖ್ 1839ರಲ್ಲಿ ಏಳು ವರ್ಷದ ಬಾಲಕನೊಬ್ಬನ ಕಣ್ಣಿನ ಒಳಬದಿಯ ಸ್ನಾಯುವನ್ನು ಕತ್ತರಿಸಿ ಕಣ್ಣನ್ನು ನೇರಗೊಳಿಸಿದ ಅಂದಿನಿಂದ ಈ ಚಿಕಿತ್ಸೆ ಬೆಳೆಯುತ್ತ ಬಂದಿದೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಈಗಿನ ಕಟ್ಟಡ 1913ರದು. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. 1986ರಲ್ಲಿ ತಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಆರಂಭವಾಯಿತು. ಆಸ್ಪತ್ರೆ ಹತ್ತಿರವಾದರೂ ‘ಅದೃಷ್ಟವನ್ನು ಕೊಯ್ಸೋದೇ?’ ಎಂಬ ಮಾತು ಮನೆಗಳಿಂದ ಪೂರ್ತಿಯಾಗಿ ಹೋಗಿಲ್ಲ.

ಈ ವಿಳಂಬದ ಬೆಲೆ ದೊಡ್ಡದು. ಮಗುವಿನ ದೃಷ್ಟಿ ಬಲಗೊಳ್ಳುವುದು ಮುಖ್ಯವಾಗಿ ಮೊದಲ ಏಳೆಂಟು ವರ್ಷಗಳಲ್ಲಿ. ಓರೆಯಾದ ಕಣ್ಣಿನಿಂದ ಬರುವ ಬಿಂಬವನ್ನು ಮಿದುಳು ಕಡೆಗಣಿಸುತ್ತ ಹೋದರೆ ಆ ಕಣ್ಣು ಮಂದವಾಗಿಯೇ ಉಳಿಯುತ್ತದೆ. ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ, ಮಂದವಾದ ಕಣ್ಣು ದುಡಿಯುವಂತೆ ಮಾಡುವ ಚಿಕಿತ್ಸೆ ಎಳೆಯ ವಯಸ್ಸಿನಲ್ಲಿ ಚೆನ್ನಾಗಿ ಫಲಿಸುತ್ತದೆ. ವಯಸ್ಸು ಕಳೆದಷ್ಟೂ ಫಲ ಕಡಿಮೆ. ಮಾಲುಗಣ್ಣಿನ ಚಿಕಿತ್ಸೆ ಬರಿಯ ಅಂದದ ಮಾತಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

‘ಕಣ್ಣಿನ ಆಪರೇಷನ್’ ಎಂಬ ಮಾತಿನ ಅರ್ಥವನ್ನೂ ಗಮನಿಸಬೇಕು. ಡಾ. ಎಂ.ಸಿ. ಮೋದಿ ಅವರ ನೇತ್ರಶಿಬಿರಗಳ ಕಾಲದಿಂದ ಹಳ್ಳಿಗರ ಪಾಲಿಗೆ ಈ ಮಾತಿನ ಅರ್ಥ ಪೊರೆ ತೆಗೆಸುವುದು. ಪೊರೆ ತೆಗೆದೊಡನೆ ಕಾಣದ್ದು ಕಾಣುತ್ತದೆ, ಫಲ ತಕ್ಷಣದ್ದು. ಮಾಲುಗಣ್ಣಿನ ಚಿಕಿತ್ಸೆಯನ್ನೂ ಜನ ಇದೇ ಮಾದರಿಯಲ್ಲಿ ಕಲ್ಪಿಸಿಕೊಳ್ಳುತ್ತಾರೆ. ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು, ತಿರುಗಿಸಿ, ಮತ್ತೆ ಇಡುತ್ತಾರೆಂಬ ಊಹೆ ವ್ಯಾಪಕವಾಗಿದೆ. ಕಾಳಹಸ್ತಿಯ ಯಾತ್ರೆ ಪರಿಚಿತವಾಗಿರುವ ಈ ಸೀಮೆಯಲ್ಲಿ ತನ್ನ ಕಣ್ಣನ್ನೇ ಕಿತ್ತು ಶಿವನಿಗಿಟ್ಟ ಬೇಡರ ಕಣ್ಣಪ್ಪನ ಕಥೆ ಎಲ್ಲರಿಗೂ ಗೊತ್ತು. ಕಣ್ಣನ್ನು ತೆಗೆದಿಡಬಹುದಾದ ವಸ್ತುವೆಂದು ಕಲ್ಪಿಸಿಕೊಳ್ಳುವುದು ಇಲ್ಲಿನವರಿಗೆ ಕಷ್ಟವಲ್ಲ. ವಾಸ್ತವದಲ್ಲಿ ಕಣ್ಣುಗುಡ್ಡೆ ಇದ್ದಲ್ಲಿಯೇ ಇರುತ್ತದೆ. ಅದನ್ನು ಎಳೆಯುವ ಸ್ನಾಯುಗಳಲ್ಲಿ ಕೆಲವನ್ನು ಬಿಡಿಸಿ, ಹಿಂದಕ್ಕೆ ಸರಿಸಿ ಅಥವಾ ಮೊಟಕುಗೊಳಿಸಿ ಮತ್ತೆ ಹೊಲಿಯಲಾಗುತ್ತದೆ.

ರೆಪ್ಪೆಯ ಸ್ಥಾನ

ಜನಪದರ ಮಾತಿನಲ್ಲಿ ರೆಪ್ಪೆ ಕಾವಲಿನ ಪ್ರತೀಕ. ‘ಕಣ್ಣರೆಪ್ಪೆಯಂತೆ ಕಾಯುವುದು’ ಎಂಬ ಕನ್ನಡದ ನುಡಿಗಟ್ಟಿಗೂ ‘ಕಂಟಿಕಿ ರೆಪ್ಪಲಾ’ ಎಂಬ ತೆಲುಗಿನ ನುಡಿಗಟ್ಟಿಗೂ ಭಾವ ಒಂದೇ. ಹಳಗನ್ನಡದ ‘ಎಮೆ’, ಈಗಲೂ ಬಳಕೆಯಲ್ಲಿರುವ ‘ಎವೆ’, ತಮಿಳಿನ ‘ಇಮೈ’ ಇವು ಒಂದೇ ಬಳಗದ ಶಬ್ದಗಳು. ರೆಪ್ಪೆ ಹಾರಿದರೆ ಶಕುನ: ಹೆಣ್ಣಿಗೆ ಎಡಗಣ್ಣು, ಗಂಡಿಗೆ ಬಲಗಣ್ಣು ಶುಭ. ರೆಪ್ಪೆಯ ಚಲನೆಯಲ್ಲಿ ಮುಂದಾಗುವುದನ್ನು ಓದುವ ಜನ ಅದರ ನಿಶ್ಚಲತೆಯಲ್ಲೂ ಒಂದು ಅರ್ಥ ಹುಡುಕುವುದು ಸಹಜವೇ.

ಪುರಾಣದಲ್ಲಿ ರೆಪ್ಪೆ ಮನುಷ್ಯತ್ವದ ಗುರುತು. ವಸಿಷ್ಠರ ಶಾಪದಿಂದ ದೇಹ ಕಳೆದುಕೊಂಡ ನಿಮಿರಾಜ ಎಲ್ಲ ಜೀವಿಗಳ ರೆಪ್ಪೆಗಳಲ್ಲಿ ನೆಲೆಸಿದನೆಂದೂ ಅಂದಿನಿಂದ ಅವು ಮಿಟುಕುತ್ತವೆಂದೂ ಕಥೆ. ದೇವತೆಗಳು ಅನಿಮಿಷರು. ಸ್ವಯಂವರದಲ್ಲಿ ದಮಯಂತಿ ನಳನನ್ನು ಗುರುತಿಸಿದ ಲಕ್ಷಣಗಳಲ್ಲಿ ರೆಪ್ಪೆ ಮಿಟುಕುವುದೂ ಒಂದು. ವಿಗ್ರಹ ಪ್ರತಿಷ್ಠೆಯಲ್ಲಿ ಕಣ್ಣು ತೆರೆಸುವ ಆಚರಣೆ ಜೀವ ತುಂಬುವ ಕ್ರಿಯೆ. ಹರಕೆಯಾಗಿ ಗ್ರಾಮದೇವತೆಗೆ ಒಪ್ಪಿಸುವ ಬೆಳ್ಳಿಯ ಕಣ್ಣುಗಳೂ ಅಗಲವಾಗಿ ತೆರೆದ ಕಣ್ಣುಗಳೇ. ಈ ಪರಂಪರೆಯಲ್ಲಿ ಬೆಳೆದವರಿಗೆ ಅರ್ಧ ಮುಚ್ಚಿದ ಕಣ್ಣು ಅಪೂರ್ಣವಾಗಿ, ಕಳೆಗುಂದಿದಂತೆ ತೋರುವುದರಲ್ಲಿ ಆಶ್ಚರ್ಯವಿಲ್ಲ.

ಶಾಸ್ತ್ರೀಯ ಪರಂಪರೆಯೂ ರೆಪ್ಪೆಯನ್ನು ಪ್ರತ್ಯೇಕವಾಗಿ ಗಮನಿಸಿತ್ತು. ಸುಶ್ರುತಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಹೇಳಿ, ಅವುಗಳಲ್ಲಿ 21ನ್ನು ರೆಪ್ಪೆಯ ರೋಗಗಳೆಂದು ವಿಂಗಡಿಸುತ್ತದೆ. ಸಂಧಿ ಸಡಿಲಗೊಂಡು ಚಲನೆ ಕಳೆದುಕೊಂಡ ರೆಪ್ಪೆಯನ್ನು ಅಲ್ಲಿ ‘ವಾತಹತ ವರ್ತ್ಮ’ ಎಂದು ಕರೆಯಲಾಗಿದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಬರುವ ‘ಕೃಚ್ಛ್ರೋನ್ಮೀಲನ’ ಎಂಬ ಹೆಸರಿನ ಅರ್ಥವೇ ಕಷ್ಟದಿಂದ ಕಣ್ಣು ತೆರೆಯುವುದು.

ಕಣ್ಣು ಸರಿಪಡಿಸಿದಾಗ ರೆಪ್ಪೆ ಏಕೆ ಇಳಿಯುತ್ತದೆ?

ಇನ್ನು ವಿಷಯದ ಮುಖ್ಯ ಭಾಗಕ್ಕೆ ಬರಬಹುದು. ಪ್ರತಿಯೊಂದು ಕಣ್ಣುಗುಡ್ಡೆಯನ್ನು ಆರು ಸ್ನಾಯುಗಳು ತಿರುಗಿಸುತ್ತವೆ: ನಾಲ್ಕು ನೇರ, ಎರಡು ಓರೆ. ಮೇಲ್ರೆಪ್ಪೆಯನ್ನು ಎತ್ತಲು ಬೇರೊಂದು ಸ್ನಾಯು ಇದೆ. ಇದು ಕಣ್ಣನ್ನು ಮೇಲಕ್ಕೆ ತಿರುಗಿಸುವ ನೇರ ಸ್ನಾಯುವಿನ ಮೇಲೆಯೇ ಹಾಯ್ದು ಹೋಗುತ್ತದೆ. ಭ್ರೂಣದಲ್ಲಿ ಇವೆರಡೂ ಒಂದೇ ಮೂಲದಿಂದ ಬೆಳೆದವು. ಇವೆರಡಕ್ಕೂ ಮೂರನೆಯ ಕಪಾಲ ನರವೇ ಚಾಲಕ. ನಡುವೆ ತೆಳುವಾದ ಪೊರೆಯ ಬೆಸುಗೆಯೂ ಇದೆ. ಕನ್ನಡಿ ಹಿಡಿದು ಕೆಳಗೆ ನೋಡಿದರೆ ರೆಪ್ಪೆ ಕಣ್ಣಿನ ಜೊತೆ ಇಳಿಯುತ್ತದೆ. ಮೇಲೆ ನೋಡಿದರೆ ಜೊತೆಗೇ ಏರುತ್ತದೆ. ಕಣ್ಣನ್ನೂ ರೆಪ್ಪೆಯನ್ನೂ ಅಗಲದ ಜೋಡಿಯೆಂದು ಕಂಡ ಜನಪದರ ಮಾತು ಶರೀರರಚನೆಗೆ ಇಷ್ಟು ಹತ್ತಿರವಾಗಿದೆ.

ಶಸ್ತ್ರಚಿಕಿತ್ಸೆಯ ನಂತರ ರೆಪ್ಪೆ ಇಳಿದಂತೆ ಕಾಣಲು ಇರುವ ಕಾರಣಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಊತ. ಶಸ್ತ್ರಕ್ರಿಯೆಯ ವೇಳೆ ರೆಪ್ಪೆಗಳನ್ನು ಉಪಕರಣದಿಂದ ಅಗಲಿಸಿ ಹಿಡಿದಿರುತ್ತಾರೆ. ಅಂಗಾಂಶಗಳು ಊದಿಕೊಂಡು ರೆಪ್ಪೆ ಭಾರವಾಗುತ್ತದೆ. ಹೊಲಿಗೆಯ ಕಿರಿಕಿರಿಯಿಂದ ಮಗು ಕಣ್ಣನ್ನು ಅರ್ಧ ಮುಚ್ಚಿಕೊಳ್ಳುವುದೂ ಉಂಟು. ಕಣ್ಣಿನ ಸುತ್ತ ಮರವಿನ ಚುಚ್ಚುಮದ್ದು ಕೊಟ್ಟಿದ್ದರೆ ಅದರ ಪ್ರಭಾವದಿಂದಲೂ ರೆಪ್ಪೆ ಕೆಲವು ಗಂಟೆ ಏಳುವುದಿಲ್ಲ. ಊತದಿಂದ ಇಳಿದ ರೆಪ್ಪೆ ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ.

ಎರಡನೆಯದು ಸ್ನಾಯುಗಳ ಬೆಸುಗೆ. ಒಳಕ್ಕೆ ಅಥವಾ ಹೊರಕ್ಕೆ ಓರೆಯಾದ ಕಣ್ಣಿಗೆ ಪಕ್ಕದ ಸ್ನಾಯುಗಳ ಮೇಲೆ ಚಿಕಿತ್ಸೆ ನಡೆಯುವುದರಿಂದ ರೆಪ್ಪೆಯ ಮೇಲೆ ಆಗುವ ಪರಿಣಾಮ ಅಲ್ಪ. ಮೇಲೆ ಕೆಳಗೆ ಓರೆಯಾದ ಕಣ್ಣಿನ ಸಂಗತಿ ಬೇರೆ. ಮೇಲಿನ ನೇರ ಸ್ನಾಯುವನ್ನು ಹಿಂದಕ್ಕೆ ಸರಿಸಿದರೆ ಮೇಲ್ರೆಪ್ಪೆ ಏರಬಹುದು, ಮೊಟಕುಗೊಳಿಸಿದರೆ ಇಳಿಯಬಹುದು. ಕೆಳಗಿನ ಸ್ನಾಯುವನ್ನು ಬಹಳ ಹಿಂದಕ್ಕೆ ಸರಿಸಿದರೆ ಕೆಳರೆಪ್ಪೆ ಜೋಲುತ್ತದೆ. ಈ ಬದಲಾವಣೆಗಳು 4–5 ಮಿಲಿಮೀಟರ್ ಮೀರಿದ ತಿದ್ದುಪಡಿಗಳಲ್ಲಿ ಹೆಚ್ಚು ಎದ್ದು ಕಾಣುವುದರಿಂದ, ವೈದ್ಯರು ನಡುವಿನ ಬೆಸುಗೆಯನ್ನು ಎಚ್ಚರಿಕೆಯಿಂದ ಬಿಡಿಸಿ ಅವನ್ನು ತಗ್ಗಿಸಲು ಯತ್ನಿಸುತ್ತಾರೆ.

ಮೂರನೆಯದು ಮೊದಲೇ ಇದ್ದು ಈಗ ಕಂಡದ್ದು. ಓರೆಯಾದ ಕಣ್ಣು ನೋಡುವವರ ಗಮನವನ್ನೆಲ್ಲ ಸೆಳೆದುಬಿಟ್ಟಿರುತ್ತದೆ. ಕಣ್ಣು ನೇರವಾದಾಗ, ಹುಟ್ಟಿನಿಂದಲೇ ತುಸು ಇಳಿದಿದ್ದ ರೆಪ್ಪೆ ಮೊದಲ ಬಾರಿಗೆ ಎದ್ದು ಕಾಣುತ್ತದೆ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಕೆಳಕ್ಕೆ ಓರೆಯಾದ ಕಣ್ಣಿನ ರೆಪ್ಪೆ ಕಣ್ಣಿನೊಂದಿಗೇ ಇಳಿದಿರುತ್ತದೆ. ಕಣ್ಣನ್ನು ಮೇಲೆತ್ತಿದರೆ ಆ ತೋರಿಕೆಯ ಇಳಿತ ಮಾಯವಾಗುತ್ತದೆ.

ನಾಲ್ಕನೆಯದು ಬೇರೆ ಕಾಯಿಲೆ. ಮೂರನೆಯ ನರ ದುರ್ಬಲಗೊಂಡರೆ ಕಣ್ಣು ಓರೆಯಾಗುವುದೂ ರೆಪ್ಪೆ ಬೀಳುವುದೂ ಒಟ್ಟಿಗೇ ಆಗುತ್ತವೆ. ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯದಲ್ಲಿ ಬೆಳಿಗ್ಗೆ ಸರಿಯಿದ್ದ ರೆಪ್ಪೆ ಇಳಿಹೊತ್ತಿಗೆ ಬೀಳುತ್ತದೆ.

ಸಾಮಾನ್ಯವಾಗಿ ಮೇಲ್ರೆಪ್ಪೆ ಕಣ್ಣಿನ ಕರಿಭಾಗದ ಅಂಚನ್ನು 1–2 ಮಿಲಿಮೀಟರ್‌ನಷ್ಟು ಮುಚ್ಚಿರುತ್ತದೆ. ಪಾಪೆಯ ನಡುವಿನಿಂದ ರೆಪ್ಪೆಯ ಅಂಚಿಗೆ 4–5 ಮಿಲಿಮೀಟರ್ ಅಂತರವಿರುತ್ತದೆ. ಊತವೆಲ್ಲ ಇಳಿದ ಮೇಲೂ ರೆಪ್ಪೆ ಏಳದಿದ್ದರೆ, ಅದು ಸ್ಥಿರಗೊಳ್ಳುವವರೆಗೆ, ಬಹುಮಟ್ಟಿಗೆ ಆರು ತಿಂಗಳು ಕಾದು, ನಂತರ ರೆಪ್ಪೆಯ ಶಸ್ತ್ರಚಿಕಿತ್ಸೆಯನ್ನು ಯೋಚಿಸುವುದು ವಾಡಿಕೆ. ಇದಕ್ಕೆ ಎರಡು ಅಪವಾದಗಳಿವೆ. ಎಳೆಯ ಮಗುವಿನ ಪಾಪೆಯನ್ನೇ ರೆಪ್ಪೆ ಮುಚ್ಚಿದ್ದರೆ ಕಾಯುವುದು ತಪ್ಪು. ಆ ಕಣ್ಣು ಮಂದವಾಗುತ್ತದೆ. ಹೆಚ್ಚುತ್ತಿರುವ ನೋವು, ಕೆಂಪು, ಕೀವು, ಜ್ವರ, ದೃಷ್ಟಿ ಕುಗ್ಗುವುದು, ತಟ್ಟನೆ ಎರಡೆರಡಾಗಿ ಕಾಣುವುದು, ಪಾಪೆ ಹಿಗ್ಗುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

‘ಕಣ್ಣು, ರೆಪ್ಪೆ ಎರಡನ್ನೂ ಒಂದೇ ಸಲಕ್ಕೆ ಯಾಕೆ ಸರಿಮಾಡಲಿಲ್ಲ?’ ಎಂಬುದು ಮನೆಯವರು ಕೇಳುವ ನ್ಯಾಯವಾದ ಪ್ರಶ್ನೆ. ಉತ್ತರ ಮೇಲಿನ ವಿವರಣೆಯಲ್ಲೇ ಇದೆ. ಕಣ್ಣಿನ ನೆಲೆ ಬದಲಾದರೆ ರೆಪ್ಪೆಯ ನೆಲೆಯೂ ಬದಲಾಗಬಹುದಾದ್ದರಿಂದ ಮೊದಲು ಕಣ್ಣು, ಆಮೇಲೆ ರೆಪ್ಪೆ ಎಂಬುದು ಸಾಮಾನ್ಯ ಕ್ರಮ. ನರದೌರ್ಬಲ್ಯದಲ್ಲಿ ಮೊದಲು ರೆಪ್ಪೆಯನ್ನೆತ್ತಿದರೆ, ಅಲ್ಲಿಯವರೆಗೆ ಮರೆಯಾಗಿದ್ದ ಓರೆಗಣ್ಣು ತೆರೆದುಕೊಂಡು ಎಲ್ಲವೂ ಎರಡೆರಡಾಗಿ ಕಾಣತೊಡಗುತ್ತದೆ.

ಒಂದು ಪ್ರಸಂಗ

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಪುಗಳ ನಡುವಿನ ಹಳ್ಳಿಯೊಂದರಲ್ಲಿ ಕಂಡ ಪ್ರಸಂಗವನ್ನು ಇಲ್ಲಿ ಹೇಳಬಹುದು. ಹರಕೆಯ ಹಾಡುಗಳನ್ನು ಸಂಗ್ರಹಿಸಲು ಹೋಗಿದ್ದ ನನಗೆ ಆ ಮನೆಯ ಅಜ್ಜಿ ಹಾಡಿಗೆ ಮೊದಲು ಮೊಮ್ಮಗಳನ್ನು ತೋರಿಸಿದರು. ಹುಡುಗಿಗೆ ಏಳು ವರ್ಷ. ಹೊರಕ್ಕೆ ಓರೆಯಾಗಿದ್ದ ಎಡಗಣ್ಣಿಗೆ ಹತ್ತು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆಯಾಗಿತ್ತು. ಕಣ್ಣು ನೇರವಾಗಿತ್ತು, ರೆಪ್ಪೆ ಬಲಗಡೆಯದಕ್ಕಿಂತ ತುಸು ಕೆಳಗಿತ್ತು.

“ಕಣ್ಣು ನೆಟ್ಟಗಾಯ್ತು ಕಣಮ್ಮಾ, ರೆಪ್ಪೆ ಬಿದ್ದೋಯ್ತು. ಅಮ್ಮ ಕೊಟ್ಟ ಗುರುತನ್ನ ಕೊಯ್ಸಿದ್ವಿ. ಅವಳು ಒಂದು ಕೊಟ್ಟು ಒಂದು ಕಿತ್ಕೊಂಡ್ಳು” ಎಂದರು ಅಜ್ಜಿ. ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಾಗಿತ್ತು. ನೆತ್ತಿಗೆ ಹರಳೆಣ್ಣೆ, ಊಟಕ್ಕೆ ಹೊನಗೊನೆ ಸೊಪ್ಪು ತಪ್ಪದೆ ನಡೆದಿದ್ದವು. ಬೆಳ್ಳಿಕಣ್ಣಿನ ಹರಕೆಯೂ ಆಗಿತ್ತು. ಇವುಗಳಿಂದ ಕೇಡೇನೂ ಇರಲಿಲ್ಲ. ಕೇಡು ಇದ್ದದ್ದು ಬೇರೆಡೆ. ಒಳ್ಳೆಯ ಕಣ್ಣಿಗೆ ಕಟ್ಟಬೇಕಾದ ಪಟ್ಟಿಯನ್ನು, “ಇರೋ ಒಂದು ಕಣ್ಣನ್ನೂ ಮುಚ್ಚಿದ್ರೆ ಅಮ್ಮ ಇನ್ನೂ ಮುನೀತಾಳೆ” ಎಂದು, ಅಜ್ಜಿ ನಿಲ್ಲಿಸಿಬಿಟ್ಟಿದ್ದರು. ಮರುತಪಾಸಣೆಗೂ ಹೋಗಿರಲಿಲ್ಲ. ರೆಪ್ಪೆ ಏಕೆ ಹೀಗಾಯಿತೆಂದು ಆಸ್ಪತ್ರೆಯಲ್ಲಿ ಕೇಳಿದಾಗ ‘ಸರಿಹೋಗುತ್ತೆ’ ಎಂಬ ಒಂದು ಮಾತು ದೊರೆತಿತ್ತಂತೆ. ಸರಿಹೋಗದಿದ್ದಾಗ ಆ ಮಾತಿನ ಜೊತೆಗೆ ಪಟ್ಟಿಯ ಮಾತಿನ ಮೇಲಿನ ವಿಶ್ವಾಸವೂ ಹೋಯಿತು.

ಹುಡುಗಿಯ ಹಳೆಯ ಚಿತ್ರವಿದೆಯೇ ಎಂದು ಕೇಳಿದೆ. ಆವಣಿ ಜಾತ್ರೆಯಲ್ಲಿ, ಅವಳಿಗೆ ಎರಡು ವರ್ಷವಿದ್ದಾಗ ತೆಗೆಸಿದ ಫೋಟೊ ಗೋಡೆಯ ಮೇಲಿತ್ತು. ತಾಯಿ ಅದನ್ನು ಬಾಗಿಲ ಬೆಳಕಿಗೆ ತಂದರು. ಎಡಗಣ್ಣು ಹೊರಕ್ಕೆ ಓರೆಯಾಗಿತ್ತು. ಅದರ ರೆಪ್ಪೆ ಆಗಲೇ ತುಸು ಇಳಿದಿತ್ತು. ಅಜ್ಜಿ ಬಹಳ ಹೊತ್ತು ನೋಡಿದರು. “ಆಗ್ಲೇ ಇತ್ತಲ್ಲ! ನಾವು ಗುಡ್ಡೆ ನೋಡಿದ್ವಿ, ರೆಪ್ಪೆ ನೋಡ್ಲಿಲ್ಲ” ಎಂದರು. ಮರುವಾರ ಅವರೇ ಹುಡುಗಿಯನ್ನು ಕರೆದುಕೊಂಡು, ಫೋಟೊ ಸಮೇತ ಆಸ್ಪತ್ರೆಗೆ ಹೋದರು. ರೆಪ್ಪೆಯ ಇಳಿತ ಹುಟ್ಟಿನಿಂದ ಬಂದದ್ದು, ಪಾಪೆಗೆ ಅಡ್ಡವಿಲ್ಲ, ಅವಸರವಿಲ್ಲ ಎಂದು ವೈದ್ಯರು ತಿಳಿಸಿದರು. ಅವಸರವಿದ್ದದ್ದು ಪಟ್ಟಿಗೆ. ಅದು ಮತ್ತೆ ಆರಂಭವಾಯಿತು. ಮುಂದಿನ ವರ್ಷ ಹೋದಾಗ ಆ ಕಣ್ಣಿನ ದೃಷ್ಟಿ ಸುಧಾರಿಸಿತ್ತು. ಆದರೆ ಬಲಗಣ್ಣಿನ ಮಟ್ಟಕ್ಕೆ ಬಂದಿರಲಿಲ್ಲ. ಕಳೆದ ತಿಂಗಳುಗಳು ಕಳೆದೇ ಹೋಗಿದ್ದವು. ಅಜ್ಜಿ ಹರಕೆಯನ್ನೂ ಬಿಡದೆ ಬೆಳ್ಳಿಕಣ್ಣು ಒಪ್ಪಿಸಿದ್ದರು.

ಸಮಾಪನ

ಈ ಪ್ರಸಂಗದಲ್ಲಿ ಮೌಢ್ಯವನ್ನಷ್ಟೇ ಕಾಣುವುದು ಅಧ್ಯಯನದ ಸೋಲಾಗುತ್ತದೆ. ಅಜ್ಜಿ ಕೇಳಿದ ಪ್ರಶ್ನೆ ‘ಯಾಕೆ?’ ಎಂಬುದು, ಆಸ್ಪತ್ರೆ ಉತ್ತರಿಸದೆ ಬಿಟ್ಟ ಪ್ರಶ್ನೆಗೆ ಅವರು ತಮಗೆ ತಿಳಿದ ಭಾಷೆಯಲ್ಲಿ ಉತ್ತರ ಕಂಡುಕೊಂಡರು. ಅದೇ ವೇಳೆ, ಆ ಉತ್ತರಕ್ಕೆ ಮಗುವಿನ ದೃಷ್ಟಿ ಬಲಿಯಾಗುತ್ತಿತ್ತು ಎಂಬುದನ್ನು ಮರೆಮಾಚುವುದೂ ಸಲ್ಲದು. ನಂಬಿಕೆಯನ್ನು ದಾಖಲಿಸುವವರಿಗೆ ಅದರ ಪರಿಣಾಮವನ್ನು ಹೇಳುವ ಹೊಣೆಯೂ ಇದೆ.

ಹಳ್ಳಿಯ ಹಿರಿಯ ಹೆಂಗಸರು ಕಾಯಿಲೆಯನ್ನು ವಿಚಾರಿಸುವ ಕ್ರಮದಲ್ಲಿ ಮೂರು ಪ್ರಶ್ನೆಗಳು ಸದಾ ಇರುತ್ತವೆ: ಹುಟ್ಟಿನಿಂದಲೋ, ಬಂದು ಸೇರಿದ್ದೋ? ಹೊತ್ತೇರಿದಂತೆ ಹೆಚ್ಚೋ, ಕಡಿಮೆಯೋ? ನೋವಿದೆಯೋ, ಬರೀ ಭಾರವೋ? ಇಳಿದ ರೆಪ್ಪೆಯ ಕಾರಣವನ್ನು ವಿಂಗಡಿಸಲು ವೈದ್ಯರು ಕೇಳುವುದೂ ಮುಖ್ಯವಾಗಿ ಇವನ್ನೇ. ಮೊದಲ ಪ್ರಶ್ನೆಗೆ ಹಳೆಯ ಫೋಟೊ ಉತ್ತರ ಕೊಡುತ್ತದೆ. ಎರಡನೆಯದು ಸ್ನಾಯುದೌರ್ಬಲ್ಯವನ್ನು ಸೂಚಿಸುತ್ತದೆ. ಮೂರನೆಯದು ಸೋಂಕನ್ನು ಎಚ್ಚರಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ರೆಪ್ಪೆಯನ್ನು ಅಳೆದು, ಚಿತ್ರ ತೆಗೆದು, ಆ ಚಿತ್ರವನ್ನು ಮನೆಯವರಿಗೂ ತೋರಿಸಿ, ಮುಂದೆ ಏನಾಗಬಹುದೆಂದು ಅವರ ಮನೆಮಾತಿನಲ್ಲಿ ಹೇಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕೋಲಾರ ಸೀಮೆಯಲ್ಲಿ ಆ ಮನೆಮಾತು ಕನ್ನಡವಾಗಿರಬಹುದು, ತೆಲುಗು, ತಮಿಳು ಅಥವಾ ಉರ್ದು ಆಗಿರಬಹುದು. ಕಣ್ಣು ಮತ್ತು ರೆಪ್ಪೆ ಒಂದಕ್ಕೊಂದು ಕಟ್ಟಿಕೊಂಡಿವೆ ಎಂಬ ಒಂದು ಮಾತು ಈ ಭಾಷೆಗಳವರಿಗೆ ಹೊಸದಲ್ಲ. ಅಲ್ಲಿಂದಲೇ ವಿವರಣೆಯನ್ನು ಆರಂಭಿಸಬಹುದು. ಇಂಥ ಶಬ್ದಗಳನ್ನೂ ನುಡಿಗಟ್ಟುಗಳನ್ನೂ ವಿಚಾರಣೆಯ ಕ್ರಮಗಳನ್ನೂ ಸಂಗ್ರಹಿಸಿ ವೈದ್ಯರ ಕೈಗೆ ತಲುಪಿಸುವುದು ಜಾನಪದ ಅಧ್ಯಯನವು ಈ ಕ್ಷೇತ್ರದಲ್ಲಿ ಮಾಡಬಹುದಾದ ಉಪಯುಕ್ತ ಕೆಲಸವಾಗಿದೆ.